ನಗೆಕೂಟದ ಬೀಗ

“ಏನಮ್ಮಾ, ಕಣ್ಣು ಕಾಣಲ್ವಾ ನಿನಗೆ? ಅರವತ್ತು ಜನ ಬಾಯಿ ತೆಗ್ದು ನಿಂತಿದೀವಿ, ಬಾಯೊಳಕ್ಕೇ ಧೂಳು ಹೊಡೀತೀಯಲ್ಲ. ಮುಂಡೇದೇ, ಆ ಕಡೆ ಹೋಗಿ ಗುಡಿಸು.”

ಇಷ್ಟು ಹೇಳಿ ಬದರಿನಾಥರು ಕೂಟದ ಕಡೆ ತಿರುಗಿ, ಎರಡೂ ಕೈ ಮೇಲಕ್ಕೆತ್ತಿ, “ಹೋ ಹೋ, ಹಾ ಹಾ ಹಾ” ಎಂದು ನಕ್ಕರು. ಹಿಂದೆಯೇ ಅರವತ್ತು ಬಾಯಿ ನಕ್ಕವು. ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಆ ಪಾರ್ಕಿನಲ್ಲಿ ಬೆಳಿಗ್ಗೆ ಆರೂವರೆಗೆ ಹೀಗೆ ನಗುವುದು ಹತ್ತು ವರ್ಷದ ಪದ್ಧತಿ. ಬ್ಯಾಂಕಿನಿಂದ ರಿಟೈರಾದ ಮೇಲೆ ಬೈಯಲು ಗುಮಾಸ್ತರು ಸಿಗದೆ ಬದರಿನಾಥರ ಬೀಪಿ ಏರಿತಂತೆ. ದಿನಾ ಅರ್ಧ ಗಂಟೆ ನಗಿ ಎಂದು ಡಾಕ್ಟರು ಹೇಳಿದರಂತೆ. ಅವರು ನಗೆಕೂಟ ಕಟ್ಟಿ ತಾವೇ ಅಧ್ಯಕ್ಷರಾದರು. ಅರ್ಧ ಗಂಟೆ ಡಾಕ್ಟರ ಮಾತು ಕೇಳುತ್ತಾರೆ, ಮಿಕ್ಕ ಇಪ್ಪತ್ತಮೂರೂವರೆ ಗಂಟೆ ಹಳೆಯ ಅಭ್ಯಾಸವನ್ನೇ ಪಾಲಿಸುತ್ತಾರೆ.

ಮುನಿಯಕ್ಕ ಕಡ್ಡಿಪೊರಕೆ ಎಳೆದುಕೊಂಡು ಹೊಂಗೆಮರದ ಕಡೆ ಸರಿದಳು. ಬೇರೆ ದಿನವಾಗಿದ್ದರೆ ಜೊತೆಯಲ್ಲಿ ಗುಡಿಸುವ ಶಾಲಿನಿಗೆ ಬದರಿನಾಥರ ನಗು ಅಣಕಿಸಿ ತೋರಿಸುತ್ತಿದ್ದಳು. ಇವತ್ತು ಅವಳಿಗೆ ಅದೂ ಬೇಕಿರಲಿಲ್ಲ.

“ಯಾಕಕ್ಕೋ, ಮಖ ಅಂಗೆ ಊದ್ಕಂಡದೆ?” ಎಂದಳು ಶಾಲಿನಿ.

“ನೆನ್ನೆ ಮಗೀಗೆ ಹೊಡ್ದುಬುಟ್ಟೆ ಕಣೇ. ಒಂದ್ ಲೋಟ ನೀರ್ ಚೆಲ್ತು ಅಂತ. ಕೆನ್ನೆ ಮ್ಯಾಲೆ ಐದ್ ಬೆಳ್ಳೂ ಬಂದವೆ. ಅಜ್ಜಿ ಕೆಲ್ಸದಿಂದ ಬಂದ್ರೆ ಹೊಡೀತಾಳೆ, ನಾನ್ ಬರಕಿಲ್ಲ ಅಂತ ಪಕ್ಕದ್ಮನೆ ಸೇರ್ಕಂಡದೆ. ರಾತ್ರಿ ಉಣ್ಣಾಕೂ ಬರ್ನಿಲ್ಲ.”

ತಾಯಿಯಿಲ್ಲದ ಆರು ವರ್ಷದ ಮೊಮ್ಮಗಳು. ಜರಗನಹಳ್ಳಿಯ ವಠಾರದ ಒಂದು ಕೋಣೆಯಲ್ಲಿ ಮುನಿಯಕ್ಕನಿಗೆ ಇದ್ದದ್ದು ಅದೊಂದೇ ಜೀವ. ಹೊಡೆದದ್ದು ಇದೇ ಮೊದಲಲ್ಲ. ಬೆಳಿಗ್ಗೆ ಮುದ್ದು ಮಾಡಿ ಬರುವ ಕೈ ಮಧ್ಯಾಹ್ನ ಎರಡು ಗಂಟೆಗೆ ಯಾಕೆ ಹಾಗೆ ಎದ್ದುಬಿಡುತ್ತದೆಂದು ಅವಳಿಗೇ ತಿಳಿಯದು. ವಯಸ್ಸಾಗುತ್ತಾ ತಾನು ಕೆಟ್ಟವಳಾಗುತ್ತಿದ್ದೇನೆ ಎಂದೇ ನಂಬಿದ್ದಳು.

ಏಳು ಗಂಟೆಗೆ ಬದರಿನಾಥರು ಶಿಳ್ಳೆ ಊದಿದರು. ಟಾಯ್ಲೆಟ್ ತೊಳೆಯುವ ಹೊತ್ತು ಅದು. ಪಾರ್ಕಿನ ಮೂಲೆಯ ಟಾಯ್ಲೆಟ್ಟಿಗೆ ‘ನಗೆಕೂಟದ ಸದಸ್ಯರಿಗೆ ಮಾತ್ರ’ ಎಂದು ಬೋರ್ಡು, ಹಿತ್ತಾಳೆ ಬೀಗ, ಅದರ ಕೀ, ಶಿಳ್ಳೆಯ ಜೊತೆ ಒಂದೇ ದಾರದಲ್ಲಿ, ಅಧ್ಯಕ್ಷರ ಕೊರಳಲ್ಲಿ. ದಿನಾ ಅವರೇ ಬಂದು ಬಾಗಿಲು ತೆಗೆಯುತ್ತಾರೆ, ಮೂಗಿಗೆ ಕರ್ಚೀಫು ಹಿಡಿದು ಹೊರಗೆ ನಿಲ್ಲುತ್ತಾರೆ. ಮುನಿಯಕ್ಕ ಫಿನಾಯಿಲ್ ಹಾಕಿ ಉಜ್ಜಿ, ಕನ್ನಡಿ ಮಾಡಿ ಹೊರಬರುತ್ತಾಳೆ. ಅವರು ಬೀಗ ಹಾಕಿಕೊಂಡು ಹೋಗುತ್ತಾರೆ. ಒಂಬತ್ತು ವರ್ಷ ತೊಳೆದ ಜಾಗದಲ್ಲಿ ಅವಳು ಒಂದು ದಿನವೂ ಕೂತಿರಲಿಲ್ಲ. ಆದ್ದರಿಂದಲೇ ಎದ್ದ ಹೊತ್ತಿನಿಂದ ಮನೆ ಸೇರುವ ತನಕ ಗುಟುಕು ನೀರು ಕುಡಿಯದಿರುವುದನ್ನು ರೂಢಿ ಮಾಡಿಕೊಂಡಿದ್ದಳು. ಬಾಯಾರಿದರೆ ಎಲೆಅಡಿಕೆ, ಆದರೂ ಒತ್ತರಿಸಿ ಬಂದರೆ ಮಧ್ಯಾಹ್ನದ ತನಕ ತಡೆದುಕೊಳ್ಳುವುದು.

ಅವತ್ತು ಭಾನುವಾರ, ಕೂಟದಲ್ಲಿ ಉಪನ್ಯಾಸ. ಮನಸ್ಸಿನ ಡಾಕ್ಟರ್ ಸುಮೇಧ ಮೇಡಂ ಬಂದಿದ್ದರು. ಕುರ್ಚಿಗೊಂದು ನೀರಿನ ಬಾಟ್ಲಿ ಇಟ್ಟಿದ್ದರು.

“ಸಿಟ್ಟು ಅನ್ನೋದು ಯಾವಾಗ್ಲೂ ಸ್ವಭಾವ ಅಲ್ಲ, ಎಷ್ಟೋ ಸಲ ಬರೀ ಅಭ್ಯಾಸ,” ಎಂದರು ಮೇಡಂ ಮೈಕಿನಲ್ಲಿ. “ಸರಿಯಾಗಿ ನಿದ್ದೆ ಮಾಡಲ್ಲ, ಹೊತ್ತಿಗೆ ತಿನ್ನಲ್ಲ, ನೀರು ಕುಡಿಯಲ್ಲ. ತಲೆನೋವು ಶುರುವಾಗತ್ತೆ, ಸಣ್ಣ ಶಬ್ದಾನೂ ತಡೆಯಕ್ಕಾಗಲ್ಲ. ಆಗ ಕೈಗೆ ಸಿಕ್ಕೋದು ಯಾರು? ಮನೇಲಿರೋ ಚಿಕ್ಕೋರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. ಎಲ್ಲಿ, ಎಲ್ರೂ ಒಂದೊಂದು ಬಾಟ್ಲಿ ಪೂರ್ತಿ ಕುಡಿದುಬಿಡಿ ನೋಡೋಣ.”

ಅರವತ್ತು ಗಂಟಲು ಗಟಗಟ ಎಂದವು. ಅಷ್ಟರಲ್ಲಿ ಹೊಂಗೆಮರದ ಕಡೆಯಿಂದ ಒಂದು ಪೊರಕೆ ಮೇಲೆದ್ದಿತು.

“ಮೇಡಮ್ಮಾರೇ, ಉಚ್ಚೆ ತಡ್ಕಂಡ್ರೂವೆ ಸಿಟ್ಟು ಬತ್ತದಾ?”

ಕೂಟ ಗೊಳ್ಳೆಂದಿತು. ಹತ್ತು ವರ್ಷ ತಾಲೀಮು ಮಾಡಿದ ನಗು ಅಂದು ಒಮ್ಮೆ ತಾನಾಗಿಯೇ ಬಂದಿತ್ತು.

ಮೇಡಂ ಒಬ್ಬರೇ ನಗಲಿಲ್ಲ. “ಬರತ್ತೆ ಅಮ್ಮ. ಖಂಡಿತ ಬರತ್ತೆ. ಆರೋಗ್ಯಕ್ಕೂ ಒಳ್ಳೇದಲ್ಲ,” ಎಂದರು.

“ಕೋಣನ ಮುಂದೆ ಕಿನ್ನರಿ ಯಾಕೆ ಮೇಡಂ, ಮುಂದುವರ್ಸಿ,” ಎಂದು ಬದರಿನಾಥರು ನಡುವೆ ಬಂದರು. “ಏಯ್, ಎಲೆ ಗುಡ್ಸು ಹೋಗು ನೀನು.”

ಮುನಿಯಕ್ಕನಿಗೆ ಬೈಗುಳ ಕೇಳಿಸಲೇ ಇಲ್ಲ. ತಲೆಯೊಳಗೆ ಏನೋ ಗಿರ್ರನೆ ತಿರುಗಿ ಹಗುರವಾಯಿತು. ಶಾಲಿನಿಯ ರಟ್ಟೆ ಹಿಡಿದು, “ಅಂಗಾರೆ ನಾನು ಕೆಟ್ಟೋಳಲ್ಲ ಕಣೇ. ನಂಗೆ ಉಚ್ಚೆ ಬಂದಿತ್ತು, ಅಷ್ಟೇಯ,” ಎಂದಳು. ಹೇಳುತ್ತಾ ಹೇಳುತ್ತಾ ನಗು ಬಂತು. ಖಾಲಿ ಕುರ್ಚಿಗಳ ಮೇಲಿದ್ದ ಎರಡು ಬಾಟ್ಲಿ ಎತ್ತಿ, ನಿಂತ ನಿಲುವಿನಲ್ಲೇ ಎರಡನ್ನೂ ಖಾಲಿ ಮಾಡಿದಳು.

“ಅಯ್ಯಯ್ಯೋ, ಎಲ್ಲಿಗ್ ಹೋಯ್ತೀಯಕ್ಕ ಆಮ್ಯಾಕೆ?”

“ಅದ್ಕೇ ಕುಡ್ದಿರೋದು.”

ಅರ್ಧ ಗಂಟೆಯಲ್ಲಿ ಉಪನ್ಯಾಸ ಮುಗಿದು ಮೇಡಂ ಹೊರಟರು, ನೀರು ತನ್ನ ಕೆಲಸ ಶುರುಮಾಡಿತು. ಮುನಿಯಕ್ಕ ಕಾಲಿಗೆ ಕಾಲು ಹೆಣೆದುಕೊಂಡು ಅಧ್ಯಕ್ಷರ ಮುಂದೆ ನಿಂತಳು. “ಸಾರ್, ವಸಿ ಕೀ ಕೊಡಿ ಸಾರ್. ಅರ್ಜೆಂಟು.”

“ಅದು ಮೆಂಬರ್ಸ್‌ಗೆ. ನೀವುಗಳೆಲ್ಲ ಹೋದ್ರೆ ಆಮೇಲೆ ನಮ್ಮ ಹೆಂಗಸ್ರು ಹೆಂಗೆ ಹೋಗ್ತಾರೆ?”

“ತೊಳ್ಯೋಳು ನಾನೇ ಅಲ್ವಾ ಸಾರ್?”

“ತೊಳೆಯೋದು ಬೇರೆ, ಹೋಗೋದು ಬೇರೆ. ಅಷ್ಟೂ ತಿಳಿಯಲ್ವಾ? ಹಿಂದೆ ಪೊದೆ ಇಲ್ವಾ ನಿಮಗೆ? ಜಾಸ್ತಿ ಮಾತಾಡಿದ್ರೆ ನಂದಕುಮಾರ್‌ಗೆ ಒಂದು ಫೋನ್ ಸಾಕು, ನಾಳೆ ಬೇರೆಯೋಳು ಬರ್ತಾಳೆ.” ನಂದಕುಮಾರ್ ಎಂದರೆ ಗುಡಿಸುವವರ ಮೇಸ್ತ್ರಿ.

ಕೂಟ ಮುಗಿಯುವುದು ಸಿಂಹನಗೆಯಿಂದ. ನಾಲಿಗೆ ಹೊರಚಾಚಿ, ಬೆರಳು ಉಗುರಿನಂತೆ ಮಾಡಿ, ಕಣ್ಣು ಮುಚ್ಚಿ ಗರ್ಜಿಸುತ್ತಾ ನಗಬೇಕು. ಅಧ್ಯಕ್ಷರು ಚಪ್ಪಾಳೆ ತಟ್ಟುವ ತನಕ ಯಾರೂ ಕಣ್ಣು ಬಿಡಕೂಡದು. ಇದು ಅವರೇ ಮಾಡಿದ ಕಾನೂನು. ಕೊರಳಿಗೆ ತೊಡಕಾಗುತ್ತದೆಂದು ಬದರಿನಾಥರು ದಾರವನ್ನು ತೆಗೆದು, ಕನ್ನಡಕದ ಜೊತೆ ಬೆಂಚಿನ ಮೇಲಿಟ್ಟು, ಕಣ್ಣು ಮುಚ್ಚಿದರು. ಅರವತ್ತು ಸಿಂಹಗಳು ಕಣ್ಣು ಮುಚ್ಚಿ ಗರ್ಜಿಸಿದವು. ಅವುಗಳ ನಡುವಿನಿಂದ ಮುನಿಯಕ್ಕ ಹಾದು ಹೋಗಿ, ಬೀಗದಕೈ ಎತ್ತಿಕೊಂಡು, ಹಾಗೆಯೇ ಹಾದು ಬಂದಳು.

ಒಳಗೆ ಚಿಲಕ ಹಾಕಿ ಕೂತಳು. ಅಬ್ಬಾ, ಅದೇನು ಸುಖ. ತಾನೇ ಉಜ್ಜಿದ ಟೈಲ್ಸು ತನಗೇ ಮಿಂಚುತ್ತಿತ್ತು. ಕೂತಲ್ಲೇ ಕಿಸಕ್ಕನೆ ನಕ್ಕಳು, ಬಾಯಿಗೆ ಸೆರಗು ತುರುಕಿಕೊಂಡಳು, ಸೆರಗಿನಾಚೆಗೂ ನಗು ಬಂತು. “ಬ್ಯಾಗ ಎದ್ದೇಳಕ್ಕೋ, ನಂದೂ ಅದೆ,” ಎಂದು ಹೊರಗಿನಿಂದ ಶಾಲಿನಿ ಬಾಗಿಲು ಬಡಿದಳು.

ಇಬ್ಬರದೂ ಮುಗಿಯುವ ಹೊತ್ತಿಗೆ ಹೊರಗೆ ಜಾತ್ರೆ ನೆರೆದಿತ್ತು. ಬೀಪಿ ಮಾತ್ರೆ ನುಂಗುವ ವಯಸ್ಸು, ಅದರ ಮೇಲೆ ಒಂದೊಂದು ಬಾಟ್ಲಿ ನೀರು. ರಿಟೈರಾದವರು, ಸೈಟು ಮಾರಿದವರು, ಎಲ್ಲರೂ ತೊಡೆ ಬಿಗಿಹಿಡಿದು ಸಾಲಾಗಿ ಕುಣಿಯುತ್ತಿದ್ದರು. ಎಲ್ಲರಿಗಿಂತ ಮುಂದೆ ಬದರಿನಾಥರು, ಮುಖ ಕೆಂಪಗಾಗಿತ್ತು.

“ಕಳ್ಳಿ, ಬಡ್ಡೀಮಗಳೇ, ದಾರಿ ಬಿಡೇ.”

ಮುನಿಯಕ್ಕ ಪೊರಕೆಯನ್ನು ಬಾಗಿಲಿಗಡ್ಡ ಹಿಡಿದಳು. “ನೋಡಿದ್ರಾ ಸಾರ್, ಎಂಗ್ ಸಿಟ್ಟು ಬಂತು. ನಿಮ್ದು ಬರೀ ಐದ್ ನಿಮಿಷ ಆಗದೆ. ನಂದು ಒಂಬತ್ ವರ್ಷ. ವಸಿ ನಗಿ ಸಾರ್, ಹೋ ಹೋ ಹಾ ಹಾ ಅನ್ನಿ.”

ಸಾಲಿನ ಹಿಂದೆ ಯಾರೋ ಹೆಂಗಸು ಕಿಸಕ್ಕೆಂದರು. “ನಗ್ಸಬೇಡಮ್ಮ, ಆಗ್ಹೋಗತ್ತೆ,” ಎಂದು ಇನ್ನೊಬ್ಬರು ಅಳುವಂತೆ ನಕ್ಕರು.

ಗೇಟಿನಲ್ಲಿ ಕಸದ ಆಟೋ ಹಾಡು ಹಾಕಿಕೊಂಡು ಬಂದು ನಿಂತಿತ್ತು. ಮುನಿಯಕ್ಕ ಪೊರಕೆ ಇಳಿಸಿದ್ದೇ ಬದರಿನಾಥರು ಒಳಗೆ ಓಡಿದರು. ಅವಳು ಬೀಗ, ಕೀ, ಶಿಳ್ಳೆ ಮೂರನ್ನೂ ಒಣಎಲೆಯ ಗೋಣಿಯೊಳಗೆ ಹಾಕಿ, ಗೋಣಿಯನ್ನು ಆಟೋದ ಹೊಟ್ಟೆಗೆ ಸುರಿದಳು. ಆಟೋ ಹಾಡುತ್ತಾ ಹೊರಟಿತು. “ಇನ್ಮ್ಯಾಕೆ ಯಾರಿಗ್ ಬಂದ್ರೂ ಹೋಗ್ಬೋದು,” ಎಂದಳು. ಬದರಿನಾಥರು ಒಳಗೆ ಓಡಿದರು.

ಬದರಿನಾಥರು ಹೊರಗೆ ಬಂದವರೇ ಮೊದಲು ಮಾಡಿದ್ದು ನಂದಕುಮಾರನಿಗೆ ಫೋನು.

ಮಧ್ಯಾಹ್ನ ಮುನಿಯಕ್ಕ ವಠಾರ ಸೇರಿದಾಗ ಮೊಮ್ಮಗಳು ಪಕ್ಕದ ಮನೆಯ ಬಾಗಿಲ ಹಿಂದಿನಿಂದ ಅವಳ ಕೈಯನ್ನೇ ನೋಡುತ್ತಿತ್ತು. ಅವಳು ಕರೆಯಲಿಲ್ಲ. ನಿನ್ನೆಯ ಲೋಟಕ್ಕೆ ನೀರು ತುಂಬಿ ತಂದು ತಮ್ಮ ಹೊಸ್ತಿಲ ಮೇಲಿಟ್ಟಳು.

“ಬಾ, ಚೆಲ್ಲು ನೋಡಾನ.”

ಮಗು ಬಹಳ ಹೊತ್ತು ಯೋಚಿಸಿತು. ಆಮೇಲೆ ಗೋಡೆ ಸವರಿಕೊಂಡು ಬಂದು, ಒಂದೇ ಬೆರಳಿನಿಂದ ಲೋಟ ಉರುಳಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಕೆನ್ನೆಗೆ ಕೈ ಅಡ್ಡ ಹಿಡಿದು ನಿಂತಿತು.

ಏಟು ಬೀಳಲಿಲ್ಲ. ಮಗು ಒಂದು ಕಣ್ಣು ತೆರೆಯಿತು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ನೆಲದ ಮೇಲಿನ ಫೋನಿನಲ್ಲಿ ಮೇಸ್ತ್ರಿಯ ಹೆಸರು ಬೆಳಗಿ, ಫೋನು ನಡುಗುತ್ತಾ ಚೆಲ್ಲಿದ ನೀರಿನ ಕಡೆಗೆ ಸರಿಯುತ್ತಿತ್ತು.

“ಅಜ್ಜೀ, ಫೋನು.”

“ಹೊಡ್ಕೊಳ್ಲಿ ಬುಡು,” ಎಂದಳು ಮುನಿಯಕ್ಕ. “ಇನ್ನೊಂದ್ ಲೋಟ ತರ್ಲಾ?”