ಸಂತಪೂರಾಕಿಯ ಟ್ಯಾಂಕರ್

ಪೂರ್ಣಿಮಾ ಮಾಡಿದ ತಪ್ಪಾದರೂ ಏನು? ಊರು ಕೇಳಿದರು, ಊರು ಹೇಳಿದಳು. ತೆಲಂಗಾಣದ ಗಡಿಯಲ್ಲಿರುವ ಮನೂರಿನ ಯಾವ ಸೊಸೆಯನ್ನಾದರೂ ನಿಲ್ಲಿಸಿ "ಯಾವೂರವ್ವಾ ನಿಂದು?" ಎಂದು ಕೇಳಿ ನೋಡಿ. ತವರೂರಿನ ಹೆಸರೇ ಬಾಯಿಗೆ ಬರುತ್ತದೆ. ಮದುವೆಯಾಗಿ ಬಂದ ದಿನದಿಂದ ಊರವರು ಕರೆಯುವುದೂ ಹಾಗೆಯೇ. ಪೂರ್ಣಿಮಾ ಗಡಿಯಾಚೆ ಬೀದರ ಕಡೆಯ ಸಂತಪೂರದವಳು, ಆದ್ದರಿಂದ ಓಣಿಗೆಲ್ಲ ಸಂತಪೂರಾಕಿ. ಆಕೆಗೆ ಒಂದು ಹೆಸರಿದೆ ಎಂಬುದು ಮನೆಯವರಿಗೆ ನೆನಪಿದ್ದರೆ ಅದೇ ಹೆಚ್ಚು.

ಮನೂರಿನಿಂದ ನಾರಾಯಣಖೇಡದ ಕಡೆ ಹೋಗುವ ರಸ್ತೆಯನ್ನು ಆ ವರ್ಷ ಸರ್ಕಾರ ಅಗಲ ಮಾಡಿಸುತ್ತಿತ್ತು. ಸರ್ಕಾರದ ರೊಕ್ಕದ ಕೆಲಸ, ಹಾಗಾಗಿ ರಸ್ತೆ ಹಾಯುವ ಊರಿನವರಿಗೇ ಮೊದಲು ಕೆಲಸ ಕೊಡಬೇಕೆಂದು ಗುತ್ತಿಗೆದಾರನಿಗೆ ಷರತ್ತು ಹಾಕಿದ್ದರು. ಹಾಸಿದ ಮಣ್ಣಿಗೆ ನೀರು ಹೊಡೆಯಲು ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರಿಗೆ ಒಬ್ಬ ಡ್ರೈವರ್ ಬೇಕು ಎಂಬ ಸುದ್ದಿ ಬಂದಾಗ ಪೂರ್ಣಿಮಾಳಿಗೆ ಅನ್ನ ರುಚಿಸಲಿಲ್ಲ. ತವರಿನಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು, ಲೈಸೆನ್ಸ್ ಇದ್ದವಳು. ಇಲ್ಲಿ ಮನೆ ತುಂಬ ಕುರಿ. ಗಂಡ ಹಣಮಂತರಾಯ ಹಿಂಡಿನ ಹಿಂದೆ ಮೇವಿದ್ದಲ್ಲಿಗೆ ಹೋಗುತ್ತಾನೆ, ಈಕೆ ಮರಿಗಳನ್ನು ನೋಡುತ್ತ ಹಟ್ಟಿಯಲ್ಲಿ ಉಳಿಯುತ್ತಾಳೆ. ಸ್ಟಿಯರಿಂಗ್ ಮುಟ್ಟದೆ ಆಕೆಯ ಕೈ ತುರಿಸುತ್ತಿತ್ತು. ಈ ಕೆಲಸ ತನಗೇ ಬೇಕು, ಬೇರೆ ಯಾರಿಗೂ ಹೋಗಬಾರದು ಎಂದು ಆಕೆ ದೇವರ ಮುಂದೆ ನಾಚಿಕೆ ಬಿಟ್ಟು ಬೇಡಿಕೊಂಡಳು.

ಕೆಲಸದ ಉಸ್ತುವಾರಿಗೆ ಬಂದವನು ತಾಂಡೂರಿನ ಪ್ರವೀಣಕುಮಾರ ಎಂಬ ಇಂಜಿನಿಯರ್. ಕೆಟ್ಟವನಲ್ಲ, ಆದರೆ ಬಿಸಿ ಹಾಲು ಕುಡಿದ ಬೆಕ್ಕು. ಹಿಂದಿನ ಕೆಲಸದಲ್ಲಿ ಹೊರಗಿನವರನ್ನು ತೆಗೆದುಕೊಂಡು ಬೈಸಿಕೊಂಡಿದ್ದ. ಕೆಲಸ ಕೇಳಿ ಬಂದವರಿಗೆಲ್ಲ ಗಾಡಿ ಹೊಡೆದು ತೋರಿಸಲು ಹೇಳಿದ. ಪೂರ್ಣಿಮಾ ತುಂಬಿದ ಟ್ಯಾಂಕರನ್ನು ಸಣ್ಣ ಸೇತುವೆಯವರೆಗೆ ಹಿಂದಕ್ಕೆ ತೆಗೆದುಕೊಂಡು ಹೋಗಿ, ಒಂದು ಕಲ್ಲಿಗೂ ತಾಗಿಸದೆ ನಿಲ್ಲಿಸಿದಾಗ ಅವನೇ ಮೊದಲು ಶಹಬ್ಬಾಸ್ ಅಂದ. ಆಮೇಲೆ ಕೇಳಿದ, "ಯಾವೂರಮ್ಮಾ ನಿಂದು?"

"ಸಂತಪೂರ್ರಿ" ಅಂದಳು ಪೂರ್ಣಿಮಾ. ಮೈಯೆಲ್ಲ ಖುಷಿ, ಏನಂದೆ ಎಂಬ ಎಚ್ಚರವೇ ಇಲ್ಲ.

ಅವನ ಮುಖ ಸಪ್ಪಗಾಯಿತು. ಆಕೆ ಆಧಾರ್ ತೆಗೆದು ತೋರಿಸಿದಳು, ವಿಳಾಸ ಮನೂರಿನದೇ ಇತ್ತು. "ವಿಳಾಸ ಯಾರು ಬೇಕಾದ್ರೂ ಬದಲಿ ಮಾಡಸ್ತಾರಮ್ಮಾ. ಎಲ್ಲರ ಮುಂದ ನೀನೇ ಹೇಳ್ದಿ ಕರ್ನಾಟಕದಾಕಿ ಅಂತ. ನಾಳಿ ಯಾರಾದ್ರೂ ತಕರಾರು ಮಾಡಿದ್ರ ನನ್ನ ನೌಕರಿ ಹೋಗ್ತದ" ಎಂದು ಮುಂದಿನವನನ್ನು ಕರೆದ. ಮುಂದಿನವನು ಯಾರು? ಆಕೆಯ ಮೈದುನ ಬಾಲರಾಜ! ಹುಟ್ಟಿದ್ದು ಮನೂರು, ಬೆಳೆದದ್ದು ಮನೂರು. ಕೆಲಸ ಅವನಿಗೆ ಆಯಿತು.

ಸಂಜೆ ಮನೆಯಲ್ಲಿ ಹಬ್ಬ. ಮಾವ ಮಾಣಿಕಪ್ಪ ಪೇಢೆ ತಂದ. "ಯಾರಿಗಾದ್ರೇನು, ಕೆಲಸ ನಮ್ಮ ಮನಿಗೇ ಬಂತಲ್ಲ" ಎಂದು ಸೊಸೆಯ ಕೈಗೂ ಒಂದು ಇಟ್ಟ. ಪೂರ್ಣಿಮಾ ಅದನ್ನು ಬಾಯಿಗೆ ಹಾಕಿಕೊಂಡಳು. ಮೈದುನನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳಲು ಆ ಮನೆಯಲ್ಲಿ ಅವತ್ತು ಜಾಗವಿರಲಿಲ್ಲ.

ಅತ್ತೆ ಸುಭದ್ರಮ್ಮ ಮಾತ್ರ ಪೇಢೆ ಮುಟ್ಟಲಿಲ್ಲ. ಈ ಸುಭದ್ರಮ್ಮನ ಬಾಯಿಗೆ ಊರೇ ಹೆದರುತ್ತದೆ, ಆಕೆ ಸುಮ್ಮನೆ ಕೂತರೆ ಇನ್ನೂ ಹೆದರುತ್ತದೆ. ಆಕೆ ಮಗನನ್ನು ಕೇಳಿದಳು, "ಖರೇ ಹೇಳು. ಗಾಡಿ ಯಾರು ಛಲೋ ಹೊಡದ್ರು?"

ಬಾಲರಾಜ ಅತ್ತಿಗೆಯ ಕಡೆ ನೋಡಿ ತಲೆ ಕೆರೆದುಕೊಂಡ. "ವೈನಿನೇ. ನಾ ಹಿಂದ ತಗೊಳ್ಳಾಕ ಹೋಗಿ ಟ್ಯಾಂಕರ್ ತಗ್ಗಿಗೆ ಇಳಿಸ್ದೆ. ಆಮ್ಯಾಲ ವೈನಿನೇ ಎತ್ತಿ ಕೊಟ್ಟಳು."

"ಮತ್ತ ಪೇಢೆ ಹ್ಯಾಂಗ ಇಳೀತೋ ಗಂಟಲಾಗ?" ಅಂದಳು ಸುಭದ್ರಮ್ಮ.

ಮಾಣಿಕಪ್ಪ ರೇಗಿದ. "ಏ, ಹೊಟ್ಟ್ಯಾಗ ಹುಟ್ಟಿದ ಮಗನ ಅನ್ನಕ್ಕ ಕಲ್ಲು ಹಾಕ್ತಿ ಏನು?" ಸುಭದ್ರಮ್ಮ ಮರಿಗಳಿಗೆ ಸೊಪ್ಪು ಕಟ್ಟಲು ಎದ್ದುಹೋದಳು. ಅತ್ತೆ ಮಗನನ್ನು ಬಿಟ್ಟು ಸೊಸೆಯ ಪಕ್ಷ ವಹಿಸಿಯಾಳೆ? ಅಂಥದ್ದನ್ನು ಪೂರ್ಣಿಮಾ ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ಬೆಳಿಗ್ಗೆ ಸುಭದ್ರಮ್ಮ ಸೊಸೆಯ ಕೈಹಿಡಿದು ರಸ್ತೆ ಕೆಲಸದ ಕಡೆ ಹೊರಟಳು. ಬಾಲರಾಜ ಹಿಂದೆ ಬಂದ. ದಾರಿಯಲ್ಲಿ ಕಿರಾಣಿ ಅಂಗಡಿಯ ಗುರುಲಿಂಗಮ್ಮ, ಹೊಲಕ್ಕೆ ಹೊರಟಿದ್ದ ಸಾಬಮ್ಮ, ಆಟೋಕ್ಕೆ ಕಾಯುತ್ತಿದ್ದ ತಾರಾಬಾಯಿ, ಸಿಕ್ಕವರನ್ನೆಲ್ಲ "ಬರ್ರೆ, ಒಂದು ಕೆಲಸ ಅದ" ಎಂದು ಕರೆದುಕೊಂಡಳು. ಏನು ಕೆಲಸ ಎಂದು ಒಬ್ಬರಿಗೂ ಹೇಳಲಿಲ್ಲ. ಆ ಹೆಂಗಸಿನ ಜಾಣತನ ನೋಡಿ!

"ಸಾಹೇಬ್ರ, ಇವರಿಗೆಲ್ಲಾ ಊರು ಕೇಳ್ರಿ" ಅಂದಳು, ಎಲ್ಲರನ್ನೂ ಇಂಜಿನಿಯರನ ಮುಂದೆ ನಿಲ್ಲಿಸಿ.

ಪ್ರವೀಣಕುಮಾರನಿಗೆ ಅರ್ಥವಾಗಲಿಲ್ಲ, ಆದರೂ ಕೇಳಿದ. ಗುರುಲಿಂಗಮ್ಮ "ಝರಾಸಂಗಂ" ಅಂದಳು. ಸಾಬಮ್ಮ "ಬೀದರ್ರಿ" ಅಂದಳು. ತಾರಾಬಾಯಿ ಮಹಾರಾಷ್ಟ್ರದ ದೇಗಲೂರಿನವಳು, ಅದನ್ನೇ ಹೆಮ್ಮೆಯಿಂದ ಹೇಳಿದಳು.

"ನೋಡ್ರಿ ಮತ್ತ," ಸುಭದ್ರಮ್ಮ ಸೊಂಟದ ಮೇಲೆ ಕೈಯಿಟ್ಟಳು. "ನಿಮ್ಮ ಲೆಕ್ಕದಾಗ ಮನೂರಾಗ ಹೆಂಗಸರೇ ಇಲ್ಲ. ಇಲ್ಲಿ ಗಂಡಸರಿಗೆ ರೊಟ್ಟಿ ಬಡಿಯೋರು ಯಾರು, ಇವರನ್ನ ಹಡದೋರು ಯಾರು? ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತ ತವರಾಗ ಅಂತಾರ. ಇಲ್ಲಿ ನೀವು ಊರಿಗೇ ಹೊರಗ ಅಂತೀರಿ. ನಾವೇನು ಗಡಿ ಕಲ್ಲಿನ ಮ್ಯಾಲ ಸಂಸಾರ ಮಾಡಬೇಕಾ? ನಿಮ್ಮ ಮನಿಯವರು ಯಾವೂರವ್ರು, ಹೇಳ್ರಿ."

ಪ್ರವೀಣಕುಮಾರ ಕೆಮ್ಮಿದ. "ಸೇಡಂ."

"ಅಯ್ಯೋ ಶಿವನೇ, ಕರ್ನಾಟಕದಾಕಿ! ಇವತ್ತೇ ಕಳಿಸಿಬಿಡ್ರಿ!"

ರೋಲರ್ ಮೇಲಿದ್ದವನು ಸಹ ನಕ್ಕುಬಿಟ್ಟ. ಪ್ರವೀಣಕುಮಾರನೂ ನಕ್ಕ. ಆದರೆ ನಗು ಮುಗಿದ ಮೇಲೆ ಮೆಲ್ಲಗೆ ಅಂದ, "ಈಕಿಗೆ ಕೊಟ್ರ ನಿಮ್ಮ ಮಗನ ಕೆಲಸ ಹೋಗ್ತದಮ್ಮಾ. ಇರೋದು ಒಂದೇ."

ಸುಭದ್ರಮ್ಮ ಮಗನ ಕಡೆ ನೋಡಲಿಲ್ಲ. "ಊರವ್ರಿಗೆ ಮೊದಲು ಅಂದ್ರ ಊರಾಗ ಛಲೋ ಮಾಡೋರಿಗೆ ಮೊದಲು ಕೊಡ್ರಿ. ಈಕಿ ನಮ್ಮೂರಾಕಿ."

"ತಕರಾರು ಬಂದ್ರ ಸಾಕ್ಷಿ ಹೇಳೋರು ಯಾರು?"

"ನಾನು."

"ನಿಮ್ಮದು ಯಾವೂರಮ್ಮಾ?"

ಸುಭದ್ರಮ್ಮ ಬಾಯಿ ತೆರೆದಳು, ಮಾತು ತಕ್ಷಣ ಬರಲಿಲ್ಲ. ಆಮೇಲೆ ಬಂತು. "ಮನೂರು. ಇಲ್ಲೇ ಮೂರು ಹಡದೀನಿ. ಒಂದು ನಿಮ್ಮ ಕಣ್ಣಮುಂದ ನಿಂತದ, ಒಂದು ಕುರಿ ಹಿಂದ ತಿರಗ್ತದ, ಒಂದನ್ನ ಅಗೋ ಆ ಹೊಲದ ಮಣ್ಣಾಗ ಇಟ್ಟೀನಿ. ನಾಳಿ ನನ್ನೂ ಅಲ್ಲೇ ಇಡ್ತಾರ. ನಾ ಮನೂರಾಕಿ."

ಬಾಲರಾಜನೇ ಜೇಬಿನಿಂದ ಟ್ರ್ಯಾಕ್ಟರಿನ ಕೀಲಿ ತೆಗೆದು ಇಂಜಿನಿಯರನ ಕೈಗಿಟ್ಟ, ಅವನು ಅದನ್ನು ಪೂರ್ಣಿಮಾಳಿಗೆ ಕೊಟ್ಟ. "ವೈನಿ, ಹಿಂದ ತಗೊಳ್ಳೋದು ನನಗೂ ಕಲಸ್ಬೇಕ್ ನೋಡು" ಅಂದ ಬಾಲರಾಜ. ಇಂಥ ಮಗನನ್ನು ಹೆತ್ತವಳು ಇಂಥ ಮಾತಾಡದೆ ಇನ್ನಾರು ಮಾತಾಡಬೇಕು!

ಹೆಂಗಸರು ಚೆದುರಿದರು. ಪೂರ್ಣಿಮಾ ತಿರುಗಿ ನೋಡಿದರೆ ಸುಭದ್ರಮ್ಮ ಜಲ್ಲಿಯ ರಾಶಿಯ ಹಿಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಪೂರ್ಣಿಮಾ ಓಡಿ ಹೋಗಿ ಪಕ್ಕದಲ್ಲಿ ಕೂತಳು.

"ಅತ್ತಿ, ಅಳಬ್ಯಾಡ್ರಿ. ಬಾಲರಾಜಗೇ ಇರಲಿ. ನಾ ಈಗ್ಲೇ ಕೀಲಿ ವಾಪಸ್ ಕೊಡ್ತೀನಿ."

"ಹುಚ್ಚಿ, ಅವನು ಗಂಡಸು, ಎಲ್ಲ್ಯಾದ್ರೂ ದುಡಕೋತಾನ. ಅದಕ್ಕಲ್ಲ." ಸುಭದ್ರಮ್ಮ ಮೂಗು ಒರೆಸಿಕೊಂಡಳು. "ನಿನ್ನೆ ತನಕ ಯಾರು ಕೇಳಿದ್ರೂ ಬೊಮ್ರಾಸಪೇಟ್ ಅಂತಿದ್ದೆ. ಅಲ್ಲಿ ಅವ್ವ ಇಲ್ಲ, ಅಪ್ಪ ಇಲ್ಲ, ತಮ್ಮ ಬಾ ಅಂದು ಎಷ್ಟೋ ವರ್ಷ ಆತು. ಆದ್ರೂ ಬಾಯಾಗ ಊರಿತ್ತು. ಇವತ್ತು ಮನೂರಾಕಿ ಅಂದ ಕೂಡ್ಲೇ ನಮ್ಮವ್ವನ ಮನಿ ಬಾಗಲ ನಾನೇ ಹಾಕಿದಂಗಾತು."

ಪೂರ್ಣಿಮಾ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅತ್ತ ರೋಲರಿನವನು ನೀರಿಗಾಗಿ ಕೂಗುತ್ತಿದ್ದ.

"ಏಳು, ಕೆಲಸದ ಮೊದಲ ದಿನ ತಡ ಮಾಡಬಾರದು" ಎಂದು ಸುಭದ್ರಮ್ಮ ಸೊಸೆಯನ್ನು ಎಬ್ಬಿಸಿದಳು. "ಅವರು ಕೇಳಿದ್ರ ಮನೂರು ಅನ್ನು. ನಾ ಕೇಳಿದ್ರ ಸಂತಪೂರ ಅನ್ನು. ನೀ ನನ್ನಂಗ ಬಿಟ್ಟುಕೊಡಬ್ಯಾಡ."