ಆಷಾಢದ ಹರಿಗೋಲು

ಪಾಲು ಮಾಡಿಕೊಂಡಾಗ ಹೊಲ, ದನ, ಹಿತ್ತಲು, ಬಾವಿಯ ಸರದಿ ಎಲ್ಲವೂ ಎರಡಾದವು. ಹರಿಗೋಲು ಮಾತ್ರ ಎರಡಾಗಲಿಲ್ಲ. ಕೆರೆ ನಡುವಿನ ದಿಬ್ಬದಿಂದ ಹುಲ್ಲು ತರಲೆಂದು ಅಪ್ಪ ಹೆಣೆಸಿದ್ದ ಆ ಬಿದಿರಿನ ದೋಣಿಯನ್ನು ಸೀಳಿದರೆ ಯಾರಿಗೂ ದಕ್ಕುವುದಿಲ್ಲವೆಂದು ಪಂಚಾಯ್ತಿಯವರು ಜಂಟಿಗೆ ಬಿಟ್ಟರು. ಅದೇ ದಿನ ಅಣ್ಣ ಪಿಳ್ಳಪ್ಪ ಮುತ್ಯಾಲಮ್ಮನ ಗುಡಿ ಮುಂದೆ ಕರ್ಪೂರ ಹಚ್ಚಿ, ತಮ್ಮ ಗೋಪಾಲಪ್ಪನ ಮನೆ ಹೊಸಲು ತುಳಿಯುವುದಿಲ್ಲವೆಂದು ಆಣೆ ಮಾಡಿದ.

ಆಮೇಲೆ ಅಣ್ಣ ತಮ್ಮ ಒಂದು ಕಡೆ ಕೂರುವುದೆಂದರೆ ಆ ದಿಬ್ಬದ ಮೇಲೆಯೇ. ಆಷಾಢದಲ್ಲಿ ಮೀನಿನವರು ಬರುವುದಿಲ್ಲ, ದಿಬ್ಬದಲ್ಲಿ ಕೊಯ್ಯುವಷ್ಟು ಹುಲ್ಲೂ ಇರುವುದಿಲ್ಲ. ಆದರೂ ಭಾನುವಾರ ಬಂದರೆ ಇಬ್ಬರೂ ಹರಿಗೋಲು ಇಳಿಸುತ್ತಿದ್ದರು. ಯಾಕೆಂದು ಕೇಳುವುದನ್ನು ಊರು ಬಿಟ್ಟಿತ್ತು.

ಎಪ್ಪತ್ತೊಂದನೇ ಇಸವಿ, ಆಷಾಢದ ಕೊನೆಯ ಭಾನುವಾರ. ವಾರವೆಲ್ಲ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆಗೆ ಹೋಗಿ ಬಂದ ಗೋಪಾಲಪ್ಪನ ಮೈ ಜಜ್ಜಿದ ಕಬ್ಬಿನಂತಾಗಿತ್ತು. ಪಿಳ್ಳಪ್ಪ ತನ್ನ ಪಂಚೆಯನ್ನು ಹಾಯಿಯಂತೆ ಎರಡು ಬಿದಿರುಗಳಿಗೆ ಬಿಗಿದು ಒಂದನ್ನು ತಮ್ಮನ ಕೈಗೆ ಕೊಟ್ಟ. ಪಡುವಣ ಗಾಳಿ ತುಂಬಿತು, ಹರಿಗೋಲು ಸರಿಯಿತು.

"ನೆಟ್ಟಗೆ ಹಿಡಿಯಲೇ. ಕಾರ್ಖಾನೆ ಸೇರಿ ಕೈಯೆಲ್ಲ ಬೆಣ್ಣೆಯಾಗ್ಬಿಟ್ಟದೆ ನಿಂಗೆ."

"ನಿನ್ ಪಂಚೇಲಿ ತೂತೇ ಜಾಸ್ತಿ ಕಣಣ್ಣ. ಗಾಳಿ ಎಲ್ಲಿ ನಿಂತದು?"

ದಿಬ್ಬ ಮುಟ್ಟಿ, ಹರಿಗೋಲನ್ನು ಮೇಲಕ್ಕೆಳೆದು ಕವುಚಿ ಹಾಕಿದರು. ಹೋಗುವಾಗ ದೂಡಿದ ಗಾಳಿ ಬರುವಾಗ ಬಿಡುವುದಿಲ್ಲ. ಹೊತ್ತಿಳಿದು ಅದು ತಣ್ಣಗಾಗುವವರೆಗೆ ಕಾಯಲೇಬೇಕು. ಅವರವರ ಬುತ್ತಿಯ ಮುದ್ದೆ ಅವರವರು ಉಂಡರು.

ಗೋಪಾಲಪ್ಪನ ಎದೆಯಲ್ಲಿದ್ದುದು ಒಂದೇ ಮಾತು. ಶ್ರಾವಣದಲ್ಲಿ ಮಗಳ ಮದುವೆ. ಹೆಂಡತಿ ತೀರಿಕೊಂಡವನು ಒಬ್ಬನೇ ನಿಂತು ಧಾರೆ ಎರೆಯುವಂತಿಲ್ಲ, ದಂಪತಿ ಬೇಕು. ಅಣ್ಣ ಅತ್ತಿಗೆ ಇದ್ದೂ ಬೇರೆಯವರನ್ನು ನಿಲ್ಲಿಸಿದರೆ ಮಗಳು ತಲೆ ಎತ್ತಿ ಹಸೆಮಣೆ ಏರುವುದು ಹೇಗೆ? ಪ್ರತಿ ವಾರವೂ ಕೇಳಬೇಕೆಂದು ಬಂದು, ಬಾಯಿ ಬಾರದೆ ಹಿಂದಿರುಗಿದ್ದ. ಇವತ್ತು ಅಂಜುವುದಕ್ಕೂ ತ್ರಾಣವಿರಲಿಲ್ಲ.

"ಅಣ್ಣಾ, ಮಗೀಗೆ ನೀನೂ ಅತ್ತಿಗೇನೂ ಧಾರೆ ಎರೆದುಕೊಡಿ."

ಪಿಳ್ಳಪ್ಪ ನೀರಿನ ಕಡೆಯೇ ನೋಡುತ್ತಿದ್ದ. "ಈಗ ಬಂತಾ ಬಾಯಿ? ನಿಮ್ಮತ್ತಿಗೆ ಸೀರೆ ತೆಗ್ದಿಟ್ಕೊಂಡು ಕೂತವ್ಳೆ. ಭಾನುವಾರ ಬಂದ್ರೆ ಸಾಕು, ಕೇಳಿದ್ನಾ ಕೇಳಿದ್ನಾ ಅಂತ ನನ್ ತಲೆ ತಿಂತಾಳೆ."

"ನೀನೇ ಹೇಳ್ಬೋದಿತ್ತಲ್ಲ!"

"ಹೆಣ್ಣಿನಪ್ಪ ನೀನಾ, ನಾನಾ?"

"ಹಂಗಾದ್ರೆ ಆಣೆ?"

"ಆಣೆ ಆಣೇನೇ. ಅಮ್ಮನ ಮುಂದೆ ಆಡಿದ್ದು." ಪಿಳ್ಳಪ್ಪ ಗಡ್ಡ ಕೆರೆದುಕೊಂಡ. "ನಿನ್ ಮನೆ ಮುಂದೆ ಚಪ್ಪರ ನಾನು ಹಾಕ್ತೀನಿ. ಕಂಬ ನಂದು, ಗರಿ ನಂದು. ನನ್ ಚಪ್ಪರದಲ್ಲಿ ನಾನು ನಿಂತ್ಕೊತೀನಿ. ಹೊಸಲು ದಾಟು ಅಂತ ಮಾತ್ರ ಕರೀಬೇಡ."

"ಊಟ?"

"ಅಲ್ಲೇ ಬಡಿಸು. ಪಾಯಸ ಮಾತ್ರ ಕಾರ್ಖಾನೆ ಟೀ ಥರ ನೀರು ಮಾಡ್ಬೇಡ."

ಗೋಪಾಲಪ್ಪ ನಕ್ಕ. ಅಣ್ಣ ಒಳಗೆ ಬಂದು, ಅಪ್ಪ ಕೂರುತ್ತಿದ್ದ ಕಂಬದ ಬುಡದಲ್ಲಿ ಕೂತಾನೆಂಬ ಆಸೆಯೂ ಅವನಿಗಿತ್ತು. ಅದನ್ನು ಕೇಳಲಿಲ್ಲ. ಹಠ ಹಿಡಿದವನೂ ದಣಿದಿದ್ದ, ಬಿಡಿಸಬೇಕಾದವನೂ ದಣಿದಿದ್ದ. ಮಗಳ ಕೈಗೆ ನೀರು ಬೀಳುತ್ತದೆ, ಅಷ್ಟು ಸಾಕು.

ಗಾಳಿ ಇನ್ನೂ ಇಳಿದಿರಲಿಲ್ಲ. ಅವನು ಕಲ್ಲಿಗೊರಗಿ ಕಣ್ಣು ಮುಚ್ಚಿದ.