ಮೇಲಿನ ಕಿಟಕಿಯ ಲಾಂದ್ರ

ಒದ್ದೆ ಬಟ್ಟೆಯಿಂದ ತೀರಿಕೊಂಡ ಅಮ್ಮನ ಹಣೆ ಒರೆಸುತ್ತಿದ್ದ ಮಗಳ ಕೈ, ಎಡಹುಬ್ಬಿನ ಮೇಲಿನ ಹಳೆಯ ಗಾಯದ ಕಲೆಗೆ ಬಂದು ನಿಂತಿತು.

"ಬಾಗಿಲಿಗೆ ಬಡ್ಕೊಂಡಿದ್ದು," ಎಂದಳು ಚಿಕ್ಕಮ್ಮ. "ಮೈಮೇಲೆ ಎಚ್ಚರ ಇಲ್ದೆ ಓಡಾಡೋಳು ನಮ್ಮಕ್ಕ."

"ಬಾಗಿಲಲ್ಲ ತಾಯಿ, ಕಲ್ಲು," ಎಂದ ಹೊಸಿಲಲ್ಲಿ ಕುಳಿತಿದ್ದ ಮುದುಕ. ಅಮ್ಮ ಆಯಾ ಆಗಿದ್ದ ಆಸ್ಪತ್ರೆಯ ವಾಚ್‌ಮನ್ ಅವನು. ಅದು ಪಾಳು ಬಿದ್ದ ಮೇಲೂ ಕಾಯುತ್ತಿದ್ದ. "ಯಾರಿಗೂ ಹೇಳಬೇಡ ಅಂದಿದ್ಳು. ಇನ್ಯಾಕೆ ಮುಚ್ಚಿಡ್ಲಿ?"

ಮಗಳು ಬಟ್ಟೆ ಕೆಳಗಿಟ್ಟು ಮುದುಕನತ್ತ ತಿರುಗಿದಳು.

*

ಆಗ ಮಗಳಿಗೆ ಒಂಬತ್ತು ವರ್ಷ. ಮುಚ್ಚಿದ ಆಸ್ಪತ್ರೆಯ ಮೇಲಿನ ಕಿಟಕಿಯಲ್ಲಿ ಸಂಜೆಯಾದರೆ ದೀಪ ಕಾಣುತ್ತದೆ, ದೆವ್ವದ್ದೇ ಇರಬೇಕು ಎಂದು ಬೀದಿಗೆ ಬೀದಿಯೇ ಆಡಿಕೊಳ್ಳುತ್ತಿತ್ತು. ಕಂಡವರ ಬಾಯಿಗೆ ಬೀಗ ಹಾಕಲಾದೀತೇ! ಓರಗೆಯವರೆಲ್ಲ ನಡುಗುತ್ತ ನಿಂತಾಗ ಕಲ್ಲು ಬೀಸಿದವಳು ಇವಳೇ. ಗಾಜು ಒಡೆದು ದೀಪ ಆರಿತು. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಓಡಿದರು.

ಆ ರಾತ್ರಿ ಅಮ್ಮ ಹಣೆಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದು, ಏನೂ ಆಗದವಳಂತೆ ಊಟಕ್ಕೆ ಬಡಿಸಿದಳು.

"ದೆವ್ವ ಓಡಿಸ್ದೆ ಅಮ್ಮಾ!"

"ಗಟ್ಟಿಗಿತ್ತಿ ಕಣೇ ನೀನು," ಎಂದು ತಲೆ ಸವರಿದ್ದಳು.

*

ಮಣ್ಣು ಮಾಡಿ ಬಂದ ಮೇಲೆ ಮಗಳು ಮುದುಕನ ಪಕ್ಕ ಕುಳಿತಳು.

"ಅಲ್ಲಿಗೆ ಯಾಕೆ ಹೋಗ್ತಿದ್ಳು ತಾತ?"

"ನೀನು ಹುಟ್ಟೋಕೆ ಮುಂಚೆ ನಿಮ್ಮಣ್ಣ ಹೋದ್ನಲ್ಲ, ಆ ಕಿಟಕಿ ಪಕ್ಕದ ಮಂಚದಲ್ಲೇ. ಐದು ವರ್ಷದ ಮಗು, ಜ್ವರ ಬಂದು ಮಲಗಿದ್ದ. ಕತ್ತಲು ಅಂದ್ರೆ ಥರಥರ ನಡುಗೋನು. ಒಂದು ಸಂಜೆ ಕರೆಂಟ್ ಹೋಯ್ತು. ಇಡೀ ಮಹಡಿಗೆ ಇದ್ದಿದ್ದು ಒಂದೇ ಲಾಂದ್ರ. ಹೆರಿಗೆ ವಾರ್ಡಿಂದ ಕೂಗಿದ್ರು. 'ಈಗ ಬಂದೆ ಕಂದಾ' ಅಂತ ಅವನ ತಲೆ ಹತ್ರ ಇದ್ದಿದ್ದನ್ನೇ ಎತ್ಕೊಂಡು ಹೋದ್ಳು. ಡ್ಯೂಟಿ ನೋಡಮ್ಮ. ಅಲ್ಲಿ ಒಂದು ಮಗು ಹುಟ್ತು. ವಾಪಸ್ ಬಂದ್ರೆ ಇವನು ಇರ್ಲಿಲ್ಲ."

ಮುದುಕ ಮೂಗು ಒರೆಸಿಕೊಂಡ.

"ಅವತ್ತಿಂದ ಒಂದು ಸಂಜೆನೂ ಆ ಮಂಚದ ಹತ್ರ ಲಾಂದ್ರ ಹಚ್ಚೋದು ತಪ್ಪಿಸಿಲ್ಲ. ಕಲ್ಲು ಹೊಡೆದಿದ್ದು ಯಾರೇ ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. 'ನೋಡ್ದೆ, ಹೇಳಲ್ಲ. ಪುಣ್ಯಕ್ಕೆ ಈ ಮಗೂಗೆ ಕತ್ತಲಂದ್ರೆ ಹೆದರಿಕೆ ಇಲ್ಲ' ಅಂದ್ಳು."

ಮಗಳು ಬಾಯಿಗೆ ಕೈ ಒತ್ತಿ ಹಿಡಿದು ಬಿಕ್ಕಿದಳು. ಆಮೇಲೆ ಬೀಗದ ಕೈ ಕೇಳಿದಳು.

ಧೂಳು ತುಂಬಿದ ವಾರ್ಡಿನಲ್ಲಿ ಆ ಒಂದು ಮಂಚದ ಮೇಲೆ ಮಾತ್ರ ಒಗೆದ ಹೊದಿಕೆ ಇತ್ತು. ತಲೆಯ ಕಡೆ ಲಾಂದ್ರ. ಹೊತ್ತು ಮುಳುಗುತ್ತಿತ್ತು. ಅವಳು ಬತ್ತಿ ಹಚ್ಚಿ ಕಿಟಕಿಯ ಬಳಿ ಹಿಡಿದಳು.

"ದೆವ್ವ! ಬಂತು ನೋಡ್ರೋ!" ಕೆಳಗೆ ಮಕ್ಕಳು ಚೀರಿದರು. ಎರಡು ಜಡೆಯ ಹುಡುಗಿಯೊಬ್ಬಳು ಬಗ್ಗಿ ಕಲ್ಲೆತ್ತಿಕೊಂಡಳು.

ಮಗಳು ಲಾಂದ್ರವನ್ನು ಬೆನ್ನ ಹಿಂದೆ ಇಟ್ಟು, ಕಿಟಕಿಗೆ ಅಡ್ಡವಾಗಿ ನಿಂತಳು.